ತೊಟ್ಟಿಲನ್ನು ಮತದ ಲೆಕ್ಕಕ್ಕೆ ಎಳೆಯಬೇಡಿ

ಮಾನ್ಯ ಸಂಪಾದಕರೇ,

ದಕ್ಷಿಣದ ರಾಜ್ಯಗಳಲ್ಲಿ ಜನನ ಪ್ರಮಾಣ ಇಳಿಯುತ್ತಿರುವ ಕುರಿತ ಚರ್ಚೆ ಕೆಲಕಾಲದಿಂದ ಪತ್ರಿಕೆಗಳಲ್ಲಿ ನಡೆಯುತ್ತಿದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗಕ್ಕೆ ಬಂದು ಮುಟ್ಟುವ ಹೊತ್ತಿಗೆ ಅದು ಬೇರೆಯದೇ ರೂಪ ತಾಳಿದೆ. ಧಾರ್ಮಿಕ ಸಭೆಗಳಲ್ಲಿ, ಸಾಮೂಹಿಕ ವಿವಾಹದ ವೇದಿಕೆಗಳಲ್ಲಿ, ಕಡೆಗೆ ತೊಟ್ಟಿಲ ಕಾರ್ಯಕ್ರಮಗಳಲ್ಲೂ 'ನಮ್ಮ ಮಂದಿ ಕಡಿಮೆಯಾಗುತ್ತಿದ್ದಾರೆ, ಒಂದು ಎರಡಕ್ಕೆ ನಿಲ್ಲಿಸಬೇಡಿ' ಎಂಬ ಉಪದೇಶ ಕೇಳಿಬರುತ್ತಿದೆ. ಹೇಳುವವರೆಲ್ಲ ಗಂಡಸರು, ಕೇಳಿಸಿಕೊಳ್ಳುತ್ತ ಕೂತವರಲ್ಲಿ ಹೆಚ್ಚಿನವರು ಹೆಂಗಸರು. ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಹುಕಾಲ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನಾನು, ಈ ಉಪದೇಶ ಯಾರ ಮೈಮೇಲೆ ಬೀಳುತ್ತದೆ ಎಂಬುದನ್ನು ಬಲ್ಲೆನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ ದೇಶದಲ್ಲಿ 2.0, ಕರ್ನಾಟಕದಲ್ಲಿ 1.7. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಬೇಕಾದರೆ ಈ ಸರಾಸರಿ ಸುಮಾರು 2.1 ಇರಬೇಕು. 1992–93ರ ಮೊದಲ ಸಮೀಕ್ಷೆಯಲ್ಲಿ ದೇಶದ ಸರಾಸರಿ 3.4 ಇತ್ತು, ಅಂದರೆ ಮೂರು ದಶಕಗಳೊಳಗೆ ಆದ ಬದಲಾವಣೆ ಸಣ್ಣದಲ್ಲ. ಹಾಗೆಂದು ನಾಳೆಯೇ ಊರುಗಳು ಬರಿದಾಗುವುದಿಲ್ಲ. ಈಗಾಗಲೇ ಹುಟ್ಟಿರುವ ಮಕ್ಕಳು ದೊಡ್ಡವರಾಗಿ ಸಂಸಾರ ಹೂಡಬೇಕಿರುವುದರಿಂದ ದೇಶದ ಜನಸಂಖ್ಯೆ ಇನ್ನೂ ಹಲವು ದಶಕ ಬೆಳೆದು, 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿಗೆ ತಲುಪಿ, ಆಮೇಲೆ ಇಳಿಯುತ್ತದೆ ಎಂಬುದು ವಿಶ್ವಸಂಸ್ಥೆಯ 2024ರ ಅಂದಾಜು. ಮುದುಕರ ಸಂಖ್ಯೆ ಹೆಚ್ಚಿ, ದುಡಿಯುವವರ ಸಂಖ್ಯೆ ತಗ್ಗುವ ಕಾಲ ಬರಲಿದೆ ಎಂಬ ಆತಂಕ ಸುಳ್ಳಲ್ಲ, ಅದಕ್ಕೆ ಈಗಿನಿಂದಲೇ ತಯಾರಿ ಬೇಕು. ಆದರೆ ವೇದಿಕೆಗಳಿಂದ ಬರುತ್ತಿರುವ ಮಾತಿನಲ್ಲಿ ಈ ತಯಾರಿಯ ಸುಳಿವೇ ಇಲ್ಲ.

ರಾಜಕೀಯ ಎಷ್ಟು ಬೇಗ ಮಗ್ಗುಲು ಬದಲಿಸಿತು ಎಂಬುದನ್ನು ಗಮನಿಸಬೇಕು. 2019ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ನರೇಂದ್ರ ಮೋದಿ ಅವರು ಕೆಂಪುಕೋಟೆಯಿಂದ ಜನಸಂಖ್ಯಾ ಸ್ಫೋಟದ ಬಗ್ಗೆ ಎಚ್ಚರಿಸಿ, ಚಿಕ್ಕ ಕುಟುಂಬ ಇಟ್ಟುಕೊಳ್ಳುವುದೂ ದೇಶಭಕ್ತಿಯೇ ಎಂದಿದ್ದರು. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳು ಬೇಕು ಎಂದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನೂ ಅವರ ಸರ್ಕಾರ ತೆಗೆದುಹಾಕಿತು. ಅದೇ ತಿಂಗಳು ತಮಿಳುನಾಡಿನ ಎಂ.ಕೆ. ಸ್ಟಾಲಿನ್ ಅವರು ಸಾಮೂಹಿಕ ವಿವಾಹವೊಂದರಲ್ಲಿ ಲೋಕಸಭಾ ಸ್ಥಾನಗಳ ಮಾತೆತ್ತಿ, ಹದಿನಾರು ಮಕ್ಕಳ ಪ್ರಸ್ತಾಪ ಮಾಡಿದರು. ಡಿಸೆಂಬರ್‌ನಲ್ಲಿ ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತ್ ಅವರು ಸಮಾಜ ಉಳಿಯಬೇಕಾದರೆ ಎರಡಕ್ಕಿಂತ ಹೆಚ್ಚು, ಅಂದರೆ ಮೂರು ಮಕ್ಕಳು ಬೇಕೆಂದರು. ಪಕ್ಷ ಬೇರೆ, ಸಿದ್ಧಾಂತ ಬೇರೆ, ಭಾಷೆ ಬೇರೆ. ಆದರೂ ಎಲ್ಲರೂ ಕೈಚಾಚಿದ್ದು ಒಂದೇ ಜಾಗಕ್ಕೆ.

ಈಗಿನ ಜನಸಂಖ್ಯೆಯಂತೆ ಲೋಕಸಭಾ ಸ್ಥಾನಗಳನ್ನು ಮತ್ತೆ ಹಂಚಿದರೆ ತನ್ನ ಪಾಲು ಕುಗ್ಗುತ್ತದೆ ಎಂಬ ದಕ್ಷಿಣದ ದೂರು ನ್ಯಾಯವಾದುದೆಂದೇ ನಾನು ನಂಬಿದ್ದೇನೆ. ರಾಜ್ಯಗಳಿಗೆ ಸ್ಥಾನ ಹಂಚಿಕೆ ಇಂದಿಗೂ 1971ರ ಜನಗಣತಿಯ ಮೇಲೆ ನಿಂತಿದೆ. 1976ರ ಸಂವಿಧಾನದ 42ನೇ ತಿದ್ದುಪಡಿ ಮರುಹಂಚಿಕೆಯನ್ನು ತಡೆಹಿಡಿಯಿತು, 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಸರ್ಕಾರ ಹೇಳಿದಂತೆ ಕುಟುಂಬ ಯೋಜನೆ ಪಾಲಿಸಿದ ರಾಜ್ಯ ಅದೇ ಕಾರಣಕ್ಕೆ ದನಿ ಕಳೆದುಕೊಳ್ಳುವುದು ಸಲ್ಲದು. ಆದರೆ ಇದನ್ನು ಸರಿಪಡಿಸುವ ಅಧಿಕಾರ ಇರುವುದು ಸಂಸತ್ತಿಗೆ. ಹದಿನೈದನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ ಜನಸಂಖ್ಯೆ ನಿಯಂತ್ರಿಸಿದ ಸಾಧನೆಗೆ ಶೇ 12.5ರ ತೂಕ ಇಟ್ಟಿತ್ತು. ಅದು ಸಾಲದು ಎನ್ನಬಹುದು, ಆದರೆ ಇಂಥ ಸೂತ್ರ ರಚಿಸುವುದು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮ 28 ಸಂಸದರು ಮಾಡಬೇಕಾದ ವಾದವನ್ನು ಚಿತ್ತಾಪುರದ, ಔರಾದದ, ಸುರಪುರದ ಬಸುರಿಯರ ಹೊಟ್ಟೆಯ ಮೇಲೆ ಹೊರಿಸುವುದು ಯಾವ ನ್ಯಾಯ?

ಈ ಚರ್ಚೆಯಲ್ಲಿ ನಮ್ಮ ಭಾಗದ ಸ್ಥಿತಿಯೇ ಬೇರೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಬರೆಯುವವರು ಮರೆಯುತ್ತಾರೆ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ, ಯಾದಗಿರಿ ಜಿಲ್ಲೆಯ ಬೆಳವಣಿಗೆ ಶೇ 22 ಮೀರಿತ್ತು. ಅದೇ ಜನಗಣತಿಯಲ್ಲಿ ಯಾದಗಿರಿಯ ಮಹಿಳಾ ಸಾಕ್ಷರತೆ ಶೇ 41ರ ಆಸುಪಾಸಿನಲ್ಲಿ, ಇಡೀ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. ಈ ಎರಡು ಅಂಕಿಗಳು ಒಂದನ್ನೊಂದು ಬಿಟ್ಟು ಬರುವುದಿಲ್ಲ. ಇದರ ಹಿಂದೆ ಹಳೆಯ ಚರಿತ್ರೆಯೂ ಇದೆ. 1930ರಲ್ಲಿಯೇ ಮೈಸೂರು ಸಂಸ್ಥಾನ ಬೆಂಗಳೂರು, ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಾಗ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. 1948ರಲ್ಲಿ ಆ ಆಳ್ವಿಕೆ ಮುಗಿದು, 1956ರಲ್ಲಿ ಕನ್ನಡ ನಾಡಿಗೆ ಸೇರಿ, ಸಂವಿಧಾನದ 371 ಜೆ ವಿಧಿಯ ವಿಶೇಷ ಸ್ಥಾನ ಸಿಗಲು ಮತ್ತೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಶಾಲೆ, ರಸ್ತೆ, ವೈದ್ಯರು ತಡವಾಗಿ ಬಂದ ಕಡೆ ಚಿಕ್ಕ ಸಂಸಾರವೂ ತಡವಾಗಿ ಬರುತ್ತದೆ. ದೇಶದ ಲೆಕ್ಕದಲ್ಲಿ ಬಿಹಾರದತ್ತ ಬೆರಳು ತೋರಿಸುವ ನಮ್ಮ ರಾಜ್ಯ, ತನ್ನದೇ ಮೂಲೆಯಲ್ಲಿರುವ ಈ ಜಿಲ್ಲೆಗಳಿಗೆ ಏನು ಕೊಟ್ಟಿದ್ದೇನೆ ಎಂದು ಮೊದಲು ಕೇಳಿಕೊಳ್ಳಬೇಕು.

ಇನ್ನು ಧರ್ಮದ ಮಾತು. ಮುಸ್ಲಿಮರ ಸಂಖ್ಯೆ ಬೆಳೆದು ಹಿಂದೂಗಳು ಅಲ್ಪಸಂಖ್ಯಾತರಾಗುತ್ತಾರೆ ಎಂಬ ಭಯವನ್ನು ನಮ್ಮ ಊರುಗಳಲ್ಲಿ ಓದಿದವರೂ ನಂಬುತ್ತಾರೆ. 1992–93ರಲ್ಲಿ ಮುಸ್ಲಿಂ ಮಹಿಳೆಯರ ಸರಾಸರಿ 4.4, ಹಿಂದೂ ಮಹಿಳೆಯರದು 3.3. 2019–21ರಲ್ಲಿ ಅದು ಕ್ರಮವಾಗಿ 2.36 ಮತ್ತು 1.94. ಇಳಿಕೆಯ ವೇಗ ಹೆಚ್ಚಿರುವುದು ಮುಸ್ಲಿಮರಲ್ಲಿ. ಅಂತರ ಒಂದು ಮಗುವಿಗಿಂತ ಹೆಚ್ಚಿದ್ದುದು ಅರ್ಧ ಮಗುವಿಗಿಂತ ಕಡಿಮೆಯಾಗಿದೆ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಜಮ್ಮು ಮತ್ತು ಕಾಶ್ಮೀರದ ಸರಾಸರಿ 1.4, ನಮ್ಮ ಕರ್ನಾಟಕಕ್ಕಿಂತ ಕಡಿಮೆ. ಹಿಂದೂಗಳು ಬಹುಸಂಖ್ಯಾತರಾಗಿರುವ ಬಿಹಾರದ್ದು 3.0. ಇದೇ ಸಮೀಕ್ಷೆಯಲ್ಲಿ ಶಾಲೆಗೇ ಹೋಗದ ಮಹಿಳೆಯರ ಸರಾಸರಿ 2.8 ಇದ್ದರೆ, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರದು 1.8. ಇರಾನಿನಲ್ಲಿ 1980ರ ದಶಕದಲ್ಲಿ ಆರನ್ನು ಮೀರಿದ್ದ ಸರಾಸರಿ, ಧರ್ಮಗುರುಗಳ ಸರ್ಕಾರವೇ ಕುಟುಂಬ ಯೋಜನೆಗೆ ಒಪ್ಪಿ, ಹಳ್ಳಿಹಳ್ಳಿಗೆ ಆರೋಗ್ಯ ಕೇಂದ್ರ ತೆರೆದು, ಹೆಣ್ಣುಮಕ್ಕಳನ್ನು ಓದಿಸಿದ ಮೇಲೆ 2000ದ ಹೊತ್ತಿಗೆ ಎರಡರ ಸುತ್ತಮುತ್ತ ಇಳಿಯಿತು. ಈಗ ಅದೇ ಸರ್ಕಾರ ಹೆಚ್ಚು ಮಕ್ಕಳು ಬೇಕೆಂದು ಕಾನೂನು ಮಾಡಿದರೂ ಅಲ್ಲಿನ ಹೆಂಗಸರು ಹಿಂದಿನ ದಾರಿಗೆ ಮರಳಿಲ್ಲ. ಪೋಪರ ನೆಲೆಯನ್ನು ತನ್ನ ರಾಜಧಾನಿಯೊಳಗೇ ಇಟ್ಟುಕೊಂಡ ಇಟಲಿಯಲ್ಲಿ ಈ ಸರಾಸರಿ 1.2ರ ಸುತ್ತ ಇದೆ.

ಧರ್ಮಕ್ಕೆ ಇದರಲ್ಲಿ ಏನೂ ಪಾತ್ರವಿಲ್ಲ ಎನ್ನಲಾರೆ. ಹುಡುಗಿಗೆ ಯಾವ ವಯಸ್ಸಿಗೆ ಲಗ್ನ ಮಾಡಬೇಕು, ವಂಶಕ್ಕೆ ಗಂಡು ಬೇಕೇ ಬೇಕೇ, ಮಕ್ಕಳು ಸಾಕು ಎಂದು ಹೇಳುವ ಅಧಿಕಾರ ಮನೆಯಲ್ಲಿ ಯಾರದು ಎಂಬುದನ್ನೆಲ್ಲ ಧರ್ಮದ ಹೆಸರಿನಲ್ಲಿಯೇ ತೀರ್ಮಾನಿಸಲಾಗುತ್ತದೆ. ಆದರೆ ಆ ತೀರ್ಮಾನಗಳಲ್ಲಿ ಶರಣಬಸವೇಶ್ವರರ ಗುಡಿಗೆ ನಡೆದುಕೊಳ್ಳುವ ಮನೆಗೂ ಬಂದೇನವಾಜರ ದರ್ಗಾಕ್ಕೆ ಹೋಗುವ ಮನೆಗೂ ನಾನು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಗರ್ಭ ತಡೆಯಲು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ 'ಅಂತರಾ' ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗತೊಡಗಿದಾಗ, ಅದರ ಕಾರ್ಡನ್ನು ಮನೆಗೆ ಒಯ್ಯದೆ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇರಿಸಿ ಹೋಗುತ್ತಿದ್ದ ಸೊಸೆಯಂದಿರಲ್ಲಿ ಎರಡೂ ಕಡೆಯವರಿದ್ದರು. ಅತ್ತೆಗೆ, ಗಂಡನಿಗೆ ಗೊತ್ತಾಗದಂತೆ ಎರಡು ಹೆರಿಗೆಗಳ ನಡುವೆ ಒಂದಿಷ್ಟು ಬಿಡುವು ಪಡೆಯಬೇಕೆಂಬುದಷ್ಟೇ ಅವರ ಆಸೆ. ತಮ್ಮ ಕೋಮಿನ ಜನಸಂಖ್ಯೆ ಎಷ್ಟಾಯಿತು ಎಂದು ಅವರಲ್ಲಿ ಒಬ್ಬಳೂ ನನ್ನನ್ನು ಕೇಳಲಿಲ್ಲ.

ಕರ್ನಾಟಕದ ಸರಾಸರಿ 1.7ಕ್ಕೆ ಇಳಿದದ್ದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವೇದಿಕೆಯ ಮೇಲಿನವರಿಗೆ ಇದು ಗೊತ್ತಿದ್ದಂತಿಲ್ಲ. ನಮ್ಮ ಭಾಗದಲ್ಲಿ ಚಳಿಗಾಲ ಬಂದರೆ ಮತ್ತೆ ಮಕ್ಕಳಾಗದಂತೆ ಮಾಡುವ ಆಪರೇಷನ್ ಕ್ಯಾಂಪುಗಳ ಕಾಲ; ತಂಪಿನಲ್ಲಿ ಗಾಯ ಬೇಗ ಮಾಯುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಬೆಳಗಿನಿಂದ ಉಪವಾಸವಿದ್ದ ಹೆಂಗಸರು ಟಂಟಂಗಳಲ್ಲಿ ಬಂದಿಳಿಯುತ್ತಿದ್ದರು. ಎಲ್ಲರ ಕಂಕುಳಲ್ಲೂ ಹಾಲು ಬಿಡದ ಕೂಸು, ಜೊತೆಯಲ್ಲಿ ತವರಿನಿಂದ ಬಂದ ತಾಯಿಯೋ ಅಕ್ಕನೋ ಇರುತ್ತಿದ್ದರು. ಆಪರೇಷನ್ ಮುಗಿದವರನ್ನು ಮಂಚ ಸಾಲದೆ ವರಾಂಡದ ಜಮಖಾನೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದೆವು. ಮಂಪರು ಪೂರ್ತಿ ಇಳಿಯುವ ಮೊದಲೇ ಕೂಸು ಅಳುತ್ತಿತ್ತು, ಮಲಗಿದಲ್ಲೇ ತಾಯಿ ಅದಕ್ಕೆ ಮೊಲೆಯೂಡಿಸುತ್ತಿದ್ದಳು. ಗಂಡಸರು ಹೊರಗೆ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದರು. ಒಮ್ಮೆ ಅಂಥ ಗಂಡನೊಬ್ಬನಿಗೆ, ಗಂಡಸರ ಆಪರೇಷನ್ ಕೆಲವೇ ನಿಮಿಷದ್ದು, ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಅದೇ ದಿನ ನಡೆದುಕೊಂಡೇ ಮನೆಗೆ ಹೋಗಬಹುದು ಎಂದು ತಿಳಿಸಿ ಹೇಳುತ್ತಿದ್ದೆ. ಅವನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅವನ ತಾಯಿ, "ಬ್ಯಾಡ್ರಿ ಸಿಸ್ಟರ್, ದುಡಿಯೋ ಗಂಡಸ ಅದಾನ. ಅವನ ಶಕ್ತಿ ಹೋದ್ರ ಮನಿ ಹ್ಯಾಂಗ ನಡೀಬೇಕ್ರಿ?" ಎಂದಳು. ಒಳಗೆ ಮಲಗಿದ್ದ ಸೊಸೆ ಆ ವರ್ಷ ಹೆರಿಗೆಯಾದ ಎರಡನೆಯ ತಿಂಗಳಿಗೇ ಹತ್ತಿ ಬಿಡಿಸಲು ಹೋಗಿದ್ದಳು. ಹೊಲಿಗೆ ಬಿಚ್ಚಿದ ಮರುವಾರ ತೊಗರಿ ಹೊಲಕ್ಕೂ ಹೋದಳು.

ಇದು ಒಂದು ಮನೆಯ ಮಾತಲ್ಲ. ಐದನೆಯ ಸಮೀಕ್ಷೆಯಲ್ಲಿ ದೇಶದ ವಿವಾಹಿತ ದಂಪತಿಗಳ ಪೈಕಿ ಹೆಂಗಸು ಆಪರೇಷನ್ ಮಾಡಿಸಿಕೊಂಡವರು ಶೇ 37.9, ಗಂಡಸು ಮಾಡಿಸಿಕೊಂಡವರು ಶೇ 0.3. ಕರ್ನಾಟಕದಲ್ಲಿ ಹೆಂಗಸರ ಪಾಲು ಅರ್ಧಕ್ಕಿಂತ ಹೆಚ್ಚು, ಗಂಡಸರದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಇದು ಮೊದಲಿನಿಂದ ಹೀಗಿರಲಿಲ್ಲ. ತುರ್ತು ಪರಿಸ್ಥಿತಿಯ 1976ರಲ್ಲಿ ಸುಮಾರು 60 ಲಕ್ಷ ಗಂಡಸರಿಗೆ, ಅನೇಕ ಕಡೆ ಬಲವಂತದಿಂದ, ಶಸ್ತ್ರಚಿಕಿತ್ಸೆ ಮಾಡಲಾಯಿತು. 1977ರಲ್ಲಿ ಸರ್ಕಾರವೇ ಬಿದ್ದುಹೋದ ಮೇಲೆ ಮುಂದೆ ಬಂದ ಯಾವ ಪಕ್ಷವೂ ಗಂಡಸಿನ ತಂಟೆಗೆ ಹೋಗಲಿಲ್ಲ. 'ಕುಟುಂಬ ಯೋಜನೆ'ಯನ್ನು 'ಕುಟುಂಬ ಕಲ್ಯಾಣ' ಎಂದು ಕರೆದು, ಇಡೀ ಭಾರವನ್ನು ಸದ್ದಿಲ್ಲದೆ ಹೆಂಗಸರ ಮೇಲೆ ಹಾಕಿದರು. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರದ ಬಳಿ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿಕೊಂಡ ಹದಿಮೂರು ಬಡ ಹೆಂಗಸರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಬೇಕಾಯಿತು. ರಾಜ್ಯಗಳು ಹೆಮ್ಮೆಯಿಂದ ತೋರಿಸುವ ಕಡಿಮೆ ಜನನ ಪ್ರಮಾಣ ಬಂದದ್ದು ಈ ಹಾದಿಯಲ್ಲಿ.

ಆದ್ದರಿಂದಲೇ 'ಓದಿದ ಹೆಣ್ಣುಮಕ್ಕಳು ನೌಕರಿಯ ಹಿಂದೆ ಬಿದ್ದು ಮಕ್ಕಳು ಬೇಡವೆನ್ನುತ್ತಿದ್ದಾರೆ' ಎಂಬ ಆಪಾದನೆ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಜನನ ಇಳಿದಿರುವುದು ಹುಡುಗಿಯರು ತಡವಾಗಿ ಮದುವೆಯಾಗಿ, ಬೇಕಾದಾಗ ಹೆತ್ತುದರಿಂದಲ್ಲ. ಹದಿನಾರು ಹದಿನೇಳಕ್ಕೆ ಲಗ್ನ, ವರ್ಷ ತುಂಬುವುದರೊಳಗೆ ಬಸುರಿ, ಬೆನ್ನಿಗೆ ಬೆನ್ನು ಎರಡು ಮೂರು ಹೆರಿಗೆ, ಗಂಡು ಹುಟ್ಟಿದ ಕೂಡಲೇ ಆಪರೇಷನ್. ಇಪ್ಪತ್ತೈದು ತುಂಬುವ ಮೊದಲೇ ಎಲ್ಲ ಮುಗಿದಿರುತ್ತದೆ. ಗಂಡು ಹುಟ್ಟದಿದ್ದರೆ ನಾಲ್ಕನೆಯದು, ಐದನೆಯದು. ರಕ್ತಹೀನತೆಯಿಂದ ಬಿಳಿಚಿಕೊಂಡ ಕಣ್ಣಿನ ಒಳರೆಪ್ಪೆಗಳನ್ನು ನೋಡಿ, 'ಈ ಸಲ ಬೇಡ ತಾಯಿ' ಎಂದು ನಾವು ಅಂಗಲಾಚಿದರೂ, ಹರಕೆ ಹೊತ್ತ ಅತ್ತೆಯ ಮುಂದೆ ನಮ್ಮ ಮಾತು ನಡೆಯುತ್ತಿರಲಿಲ್ಲ. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಐವರಲ್ಲಿ ಒಬ್ಬಳಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಇದೇ ಸಮೀಕ್ಷೆ ಹೇಳುತ್ತದೆ. ಬಾಲ್ಯವಿವಾಹ ಮೂಲದಿಂದಲೇ ಅಸಿಂಧು ಎಂದು ಕರ್ನಾಟಕ ತನ್ನ ಕಾನೂನಿಗೆ ತಿದ್ದುಪಡಿ ತಂದು ವರ್ಷಗಳಾದವು. ಹೀಗಿರುವ ನೆಲದಲ್ಲಿ ನಿಂತು 'ಬೇಗ ಹೆರಿ, ಹೆಚ್ಚು ಹೆರಿ' ಎನ್ನುವ ಮಠಾಧೀಶರಿಗೂ ಮೌಲ್ವಿಗಳಿಗೂ ಮಂತ್ರಿಗಳಿಗೂ ತಮ್ಮ ಮಾತು ಹದಿನಾರರ ಹುಡುಗಿಯ ತಂದೆಯ ಕಿವಿಗೂ ಬೀಳುತ್ತದೆ, ಅವನು ಅದನ್ನು ಅಪ್ಪಣೆಯೆಂದೇ ತಿಳಿಯುತ್ತಾನೆ ಎಂಬ ಅರಿವು ಇರಬೇಕು.

ಬಲವಂತದಿಂದ ಹೆರಿಸಲು ಹೊರಟವರ ಕಥೆಯೂ ಲೋಕದಲ್ಲಿದೆ. ರುಮೇನಿಯಾದ ಚೌಷೆಸ್ಕು ಸರ್ಕಾರ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತು. ಮರುವರ್ಷ ಜನನ ಪ್ರಮಾಣ ಹೆಚ್ಚುಕಡಿಮೆ ದುಪ್ಪಟ್ಟಾಯಿತು, ಕೆಲವೇ ವರ್ಷಗಳಲ್ಲಿ ಮತ್ತೆ ಇಳಿಯತೊಡಗಿತು. ಕದ್ದು ಮಾಡಿಸಿಕೊಂಡ ಗರ್ಭಪಾತಗಳಿಂದ ತಾಯಂದಿರ ಸಾವು ಯುರೋಪಿನಲ್ಲೇ ಅತಿ ಹೆಚ್ಚು ಎನಿಸಿತು, ಅನಾಥಾಲಯಗಳು ತುಂಬಿದವು. ಚೀನಾ 2016ರಲ್ಲಿ ಎರಡು ಮಕ್ಕಳಿಗೆ, 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಕೊಟ್ಟರೂ ಜನನದ ಇಳಿಕೆಯನ್ನು ತಡೆಯಲಾಗಲಿಲ್ಲ. ದಕ್ಷಿಣ ಕೊರಿಯಾ ಅಪಾರ ಹಣ ಸುರಿದರೂ 2023ರಲ್ಲಿ ಅಲ್ಲಿನ ಸರಾಸರಿ 0.72ಕ್ಕೆ ಕುಸಿಯಿತು. ಹೊರಗೆ ಗಂಡಸಿನಷ್ಟೇ ದುಡಿದು, ಒಳಗೆ ಹಳೆಯ ಕಾಲದ ಸೊಸೆಯಂತೆಯೇ ಎಲ್ಲವನ್ನೂ ಮಾಡಬೇಕೆಂದರೆ ನಮಗೆ ಮದುವೆಯೇ ಬೇಡ ಎಂದು ಅಲ್ಲಿನ ಎಷ್ಟೋ ಯುವತಿಯರು ತೀರ್ಮಾನಿಸಿದ್ದಾರೆ.

ನಮ್ಮಲ್ಲಿ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾಳೆ. ಗಂಡಸು 88 ನಿಮಿಷ. ಕಾನೂನು ಕೊಡುವ 26 ವಾರಗಳ ಹೆರಿಗೆ ರಜೆ ಕಲಬುರಗಿಯ ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಸಿಗುತ್ತದೆ, ಕೂಲಿಗೆ ಹೋಗುವವಳಿಗೆ ಸಿಗುವುದಿಲ್ಲ. ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋದವಳು ಕಟ್ಟುತ್ತಿರುವ ಕಟ್ಟಡದ ನೆರಳಿನಲ್ಲಿ ಸೀರೆಯ ಜೋಳಿಗೆ ಕಟ್ಟಿ ಕೂಸು ಮಲಗಿಸುತ್ತಾಳೆ. ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದದ್ದು ರಾಜ್ಯ ಸರ್ಕಾರ ಮಾಡಿದ ಒಳ್ಳೆಯ ಕೆಲಸ. ಮೂರು ವರ್ಷ ತುಂಬದ, ಅಂಗನವಾಡಿಯಲ್ಲಿ ದಿನವಿಡೀ ಬಿಡಲಾಗದ ಕೂಸುಗಳಿಗೆ ಹಳ್ಳಿಯಲ್ಲಿ ಬೇರೆ ಆಸರೆಯೇ ಇಲ್ಲ. ಅದು ಬೋರ್ಡಿಗೆ ಸೀಮಿತವಾಗದೆ, ತೊಗರಿ ರಾಶಿಯ ಕಾಲದಲ್ಲಿ ಕತ್ತಲಾಗುವವರೆಗೂ ತೆರೆದಿರಬೇಕು, ನೋಡಿಕೊಳ್ಳುವವರಿಗೆ ಗೌರವಧನ ಸಮಯಕ್ಕೆ ಸರಿಯಾಗಿ ಸಿಗಬೇಕು. ಇಷ್ಟು ಮಾಡಿದರೆ ಜನನ ಪ್ರಮಾಣ ಮೇಲೇರುತ್ತದೆ ಎಂದು ನಾನು ಭರವಸೆ ಕೊಡಲಾರೆ. ಮಕ್ಕಳ ಪಾಲನೆಗೆ ಎಲ್ಲ ಸೌಲಭ್ಯ ಇರುವ ಫಿನ್ಲೆಂಡಿನಲ್ಲೂ ಅದು ಇಳಿದಿದೆ. ಆದರೆ ಹೆರುವವಳ ಬದುಕು ಸಹ್ಯವಾಗುತ್ತದೆ, ಮತ್ತು ಎರಡನೆಯದು ಬೇಕೋ ಬೇಡವೋ ಎಂಬುದನ್ನು ಅವಳು ಹೆದರಿಕೆಯಿಲ್ಲದೆ ಯೋಚಿಸಬಲ್ಲಳು. ನನಗೆ ಅಷ್ಟು ಸಾಕು.

ನಮ್ಮ ಮೂರೂ ಜಿಲ್ಲೆಗಳ ಶಾಸಕರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಗಂಡಸರ ಆಪರೇಷನ್ನಿಗೆ ತರಬೇತಿ ಪಡೆದ ವೈದ್ಯರು ಗೊತ್ತಾದ ದಿನ ಸಿಗುವಂತೆ ಮಾಡಿ, ಆ ವಿಷಯವನ್ನು ನೀವೇ ನಿಮ್ಮ ಭಾಷಣಗಳಲ್ಲಿ ಹೇಳಿ. ಆಶಾ ಕಾರ್ಯಕರ್ತೆ ಹೇಳಿದರೆ ಗಂಡಸರು ಎದ್ದು ಹೋಗುತ್ತಾರೆ, ನೀವು ಹೇಳಿದರೆ ಕೂತು ಕೇಳುತ್ತಾರೆ. ಸಾಮೂಹಿಕ ವಿವಾಹದ ವೇದಿಕೆ ಹತ್ತುವ ಮೊದಲು ವಧುಗಳ ಶಾಲಾ ದಾಖಲಾತಿಯಲ್ಲಿರುವ ಜನ್ಮ ದಿನಾಂಕವನ್ನು ತರಿಸಿ ನೋಡಿ.

ನಿಮ್ಮ ಪತ್ರಿಕೆಯಲ್ಲಿ ಒಂದು ವಿನಂತಿ. ಯಾರಾದರೂ ಹೆಚ್ಚು ಮಕ್ಕಳನ್ನು ಹೆರಬೇಕೆಂದು ಕರೆ ಕೊಟ್ಟ ಸುದ್ದಿ ಪ್ರಕಟಿಸುವಾಗ, ಆ ತಾಲ್ಲೂಕಿನಲ್ಲಿ ಆ ವರ್ಷ ಹದಿನೆಂಟು ತುಂಬದ ಎಷ್ಟು ಬಸುರಿಯರು ನೋಂದಣಿಯಾದರು, ಹೆರಿಗೆಯಲ್ಲಿ ಎಷ್ಟು ತಾಯಂದಿರು ತೀರಿಕೊಂಡರು ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಿಂದ ಕೇಳಿ ಪಡೆದು ಪಕ್ಕದಲ್ಲೇ ಅಚ್ಚು ಹಾಕಿ. ಕೊಡಲು ಹಿಂಜರಿದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ತಾಯಿ ಕಾರ್ಡಿನಲ್ಲಿ ಮನೆಯವರು ವಯಸ್ಸನ್ನು ಹತ್ತೊಂಬತ್ತು ಎಂದು ಬರೆಸುವ ರೂಢಿ ಇರುವುದರಿಂದ, ನಿಮ್ಮ ವರದಿಗಾರರು ಆ ಅಂಕಿಯನ್ನು ಶಾಲೆಯ ಹಾಜರಿ ಪುಸ್ತಕದೊಂದಿಗೆ ಹೋಲಿಸಿ ನೋಡುವುದು ಅಗತ್ಯ.

ಇಂತಿ,
ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಕಲಬುರಗಿ